ಕಣ್ಣಿಗೆ ಕಾಣುವ ದೂಳು, ಕಾಣದ ದೂಳು

ಪ್ರತಿ ವರ್ಷ ಮಾರ್ಚ್ 4ರಂದು ನಮ್ಮ ದೇಶದಲ್ಲಿ ರಾಷ್ಟ್ರೀಯ ಸುರಕ್ಷತಾ ದಿನವನ್ನು ಆಚರಿಸುತ್ತಾರೆ. 1966ರಲ್ಲಿ ಅದೇ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾಯಿತು. ಕಾರ್ಖಾನೆಗಳಲ್ಲಿ ಅಂದು ಪ್ರತಿಜ್ಞೆ, ಭಾಷಣ, ಘೋಷಣೆ ಬರೆಯುವ ಸ್ಪರ್ಧೆಗಳು ನಡೆಯುತ್ತವೆ. ಗೋಡೆಯ ಭಿತ್ತಿಚಿತ್ರದಲ್ಲಿ ಹೆಲ್ಮೆಟ್, ಕೈಗವಸು, ಮುಖಗವಸು ಧರಿಸಿದ ಕಾರ್ಮಿಕನೊಬ್ಬ ನಿಂತಿರುತ್ತಾನೆ. ಎಚ್ಚರದಿಂದಿರಬೇಕಾದವನು ಅವನೇ ಎಂಬುದು ಚಿತ್ರದ ಸಾರಾಂಶ.

ಕೆಲವು ವರ್ಷಗಳ ಹಿಂದೆ ಇಂಥದೊಂದು ಸಮಾರಂಭಕ್ಕೆ ನನ್ನನ್ನು ಉಪನ್ಯಾಸಕ್ಕೆ ಕರೆದಿದ್ದರು. ಅದು ಕಲ್ಲನ್ನು ಕತ್ತರಿಸಿ ಹೊಳಪು ಕೊಡುವ ಒಂದು ಘಟಕ. ಭಾಷಣ ಮುಗಿದ ಮೇಲೆ ಒಳಗೆ ಕರೆದೊಯ್ದು ತೋರಿಸಿದರು. ಕೈಯಲ್ಲಿ ಗ್ರೈಂಡರ್ ಹಿಡಿದಿದ್ದ ಯುವಕನ ಮೂಗಿಗೆ ಒಂದು ಕರವಸ್ತ್ರ ಕಟ್ಟಿತ್ತು. ಅವನ ಬೆನ್ನ ಹಿಂದೆ ದೊಡ್ಡದೊಂದು ಫ್ಯಾನ್ ತಿರುಗುತ್ತಿತ್ತು. "ದೂಳು ಆಚೆ ಹೋಗಲಿ ಅಂತ ಇಟ್ಟಿದ್ದೀವಿ ಸಾರ್" ಎಂದರು ಮೇಲ್ವಿಚಾರಕರು. ದೂಳು ಆಚೆಗೆ ಹೋಗುತ್ತಿತ್ತು, ನಿಜ. ಅಲ್ಲಿ ಅಂಚು ಉಜ್ಜುತ್ತ ಕುಳಿತಿದ್ದ ಹೆಂಗಸರ ಮುಖಕ್ಕೆ. ನಾನು ಏನೂ ಹೇಳಲಿಲ್ಲ. ಶಾಲು, ಹಣ್ಣಿನ ಬುಟ್ಟಿ ತೆಗೆದುಕೊಂಡು ಬಂದುಬಿಟ್ಟೆ. ಅಂದು ಹೇಳಬೇಕಾಗಿದ್ದುದನ್ನು ಈಗ ನಿಮ್ಮ ಮುಂದಿಡುತ್ತಿದ್ದೇನೆ. ಏಕೆಂದರೆ ಆ ಫ್ಯಾನು, ಆ ಕರವಸ್ತ್ರ ಎರಡರ ತಪ್ಪೂ ನಾವು ತರಗತಿಯಲ್ಲಿ ಪಾಠ ಮಾಡುವ ಭೌತವಿಜ್ಞಾನದಿಂದಲೇ ಗೊತ್ತಾಗುವಂಥದು.

ಸ್ಟೋಕ್ಸ್ ನಿಯಮ ಹೇಳುವುದೇನು?

ಪ್ರಥಮ ಪಿಯುಸಿಯಲ್ಲಿ ಸ್ಟೋಕ್ಸ್ ನಿಯಮವನ್ನು ಕಲಿಸುತ್ತೇವೆ. ಉದಾಹರಣೆಗಳು ಸಿದ್ಧವಾಗಿರುತ್ತವೆ: ಗ್ಲಿಸರಿನ್‌ನಲ್ಲಿ ಬೀಳುವ ಉಕ್ಕಿನ ಗುಂಡು, ಮಳೆಹನಿ, ಎಣ್ಣೆಯ ಹನಿ. ಒಮ್ಮೆ ಅದೇ ಸೂತ್ರದಲ್ಲಿ ಕಲ್ಲಿನ ದೂಳಿನ ಬೆಲೆಗಳನ್ನು ಹಾಕಿ ನೋಡಿ. ಕ್ವಾರ್ಟ್ಸ್‌ನ ಸಾಂದ್ರತೆ ಘನ ಮೀಟರಿಗೆ 2650 ಕಿಲೋಗ್ರಾಂ. ಗಾಳಿಯ ಸ್ನಿಗ್ಧತಾ ಗುಣಾಂಕ ಸುಮಾರು 1.8 × 10⁻⁵ ಪಾಸ್ಕಲ್-ಸೆಕೆಂಡ್. 10 ಮೈಕ್ರಾನ್ ವ್ಯಾಸದ ಕಣದ ಅಂತಿಮ ವೇಗ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್ ಎಂದು ಬರುತ್ತದೆ. ಮೂಗಿನ ಮಟ್ಟದಿಂದ, ಅಂದರೆ ಒಂದೂವರೆ ಮೀಟರ್ ಎತ್ತರದಿಂದ, ನೆಲ ಸೇರಲು ಅದಕ್ಕೆ 3 ನಿಮಿಷ ಸಾಕು. ವೇಗವು ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 1 ಮೈಕ್ರಾನ್ ಕಣದ ವೇಗ ಇದರ ನೂರನೆಯ ಒಂದು ಭಾಗ. ನಿಶ್ಚಲವಾದ ಗಾಳಿಯಲ್ಲಿ ಅದು ನೆಲ ಮುಟ್ಟಲು ನಾಲ್ಕೈದು ಗಂಟೆ ಬೇಕು. ಕಾರ್ಖಾನೆಯ ಗಾಳಿ ನಿಶ್ಚಲವಲ್ಲ. ಆದ್ದರಿಂದ ಕಣ ಪಾಳಿ ಮುಗಿಯುವವರೆಗೂ ತೇಲುತ್ತಲೇ ಇರಬಹುದು.

ಇನ್ನು ಶ್ವಾಸಕೋಶದ ವಿಷಯ. ದೊಡ್ಡ ಕಣಗಳು ಮೂಗಿನಲ್ಲಿ, ಗಂಟಲಿನಲ್ಲಿ, ಶ್ವಾಸನಾಳದ ಕವಲುಗಳಲ್ಲಿ ಸಿಕ್ಕಿಬೀಳುತ್ತವೆ. ಅವು ಕಫದೊಡನೆ ಹೊರಬರುತ್ತವೆ. ಗಾಳಿಗೂಡುಗಳವರೆಗೆ ಇಳಿಯುವುವು ಮುಖ್ಯವಾಗಿ 4 ಮೈಕ್ರಾನ್ ಆಸುಪಾಸಿನ ಮತ್ತು ಅದಕ್ಕಿಂತ ಸಣ್ಣ ಕಣಗಳು. ಅಲ್ಲಿ ಭಕ್ಷಕ ಕೋಶಗಳು ಸಿಲಿಕಾ ಕಣವನ್ನು ನುಂಗುತ್ತವೆ, ಅರಗಿಸಿಕೊಳ್ಳಲಾರದೆ ಸಾಯುತ್ತವೆ. ಉರಿಯೂತ ಉಂಟಾಗಿ, ಮೃದುವಾದ ಅಂಗಾಂಶದ ಜಾಗದಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಕ್ಷಯ ತಗಲುವ ಸಾಧ್ಯತೆ ಹೆಚ್ಚುತ್ತದೆ. ಉಸಿರಿನೊಡನೆ ಒಳಸೇರುವ ಸ್ಫಟಿಕ ಸಿಲಿಕಾವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಈಗ ಎರಡನ್ನೂ ಕೂಡಿಸಿ ನೋಡಿ. ಕಣ್ಣಿಗೆ ಕಾಣುವ ದೂಳು ಬೇಗ ಕೆಳಗೆ ಬೀಳುತ್ತದೆ. ಕಾಯಿಲೆ ತರುವ ದೂಳು ಬೀಳುವುದೂ ಇಲ್ಲ, ಕಾಣುವುದೂ ಇಲ್ಲ. "ಈಗ ದೂಳು ಕಡಿಮೆಯಾಗಿದೆ" ಎಂದು ಕಣ್ಣಂದಾಜಿನಿಂದ ಹೇಳುವ ಮಾತಿಗೆ ಬೆಲೆ ಇಲ್ಲ. ಆದರೂ ನಮ್ಮ ಬಹುಪಾಲು ಸಣ್ಣ ಘಟಕಗಳಲ್ಲಿ ತಪಾಸಣೆ ಎಂದರೆ ಇಷ್ಟೇ.

ಊದುವುದು, ಹೀರುವುದು

ಮೇಣದಬತ್ತಿಯೊಂದನ್ನು ಹಚ್ಚಿ, ಒಂದು ಅಡಿ ದೂರದಿಂದ ಊದಿ. ಆರುತ್ತದೆ. ಅಷ್ಟೇ ದೂರದಿಂದ ಗಾಳಿಯನ್ನು ಒಳಗೆಳೆದು ಆರಿಸಲು ಪ್ರಯತ್ನಿಸಿ. ಜ್ವಾಲೆ ಅಲುಗುವುದೂ ಇಲ್ಲ. ಊದಿದ ಗಾಳಿ ಒಂದೇ ದಿಕ್ಕಿನಲ್ಲಿ ಧಾರೆಯಾಗಿ ಹೋಗುತ್ತದೆ; ಹೀರಿದ ಗಾಳಿ ಎಲ್ಲ ದಿಕ್ಕುಗಳಿಂದ ಬರುತ್ತದೆ. ಹೀರುವ ಕೊಳವೆಯ ಬಾಯಿಯಿಂದ ಅದರ ಒಂದು ವ್ಯಾಸದಷ್ಟು ದೂರದಲ್ಲೇ ಗಾಳಿಯ ವೇಗ ಬಾಯಿಯಲ್ಲಿದ್ದುದರ ಶೇಕಡಾ 10ಕ್ಕಿಂತ ಕೆಳಗಿಳಿಯುತ್ತದೆ. ಊದುವ ಧಾರೆಯಲ್ಲಾದರೋ ವೇಗ ಆ ಮಟ್ಟಕ್ಕೆ ಇಳಿಯುವುದು ಸುಮಾರು 30 ವ್ಯಾಸಗಳಷ್ಟು ದೂರ ಸಾಗಿದ ಮೇಲೆ.

ಇದರಿಂದ ಎರಡು ತೀರ್ಮಾನಗಳು. ಮೊದಲನೆಯದು, ಗೋಡೆಯ ಮೇಲೆ ಕೂರಿಸಿದ ಎಕ್ಸಾಸ್ಟ್ ಫ್ಯಾನ್ ಹತ್ತು ಅಡಿ ಆಚೆ ಏಳುವ ದೂಳನ್ನು ಹಿಡಿಯುವುದಿಲ್ಲ. ಹೀರುವ ಬಾಯಿ ಕತ್ತರಿಸುವ ಅಲಗಿನ ಪಕ್ಕದಲ್ಲೇ ಇರಬೇಕು. ಗ್ರೈಂಡರ್‌ಗೆ ಹೊಂದಿಸಿದ ಕವಚವಾಗಿದ್ದರೆ ಇನ್ನೂ ಒಳ್ಳೆಯದು. ಎರಡನೆಯದು, ಬೆನ್ನ ಹಿಂದಿನಿಂದ ಊದುವ ಫ್ಯಾನ್ ರಕ್ಷಣೆ ಅಲ್ಲ. ಹರಿಯುವ ನೀರಿಗೆ ಅಡ್ಡಲಾಗಿ ಕಂಬ ನಿಂತರೆ ಅದರ ಮರೆಯಲ್ಲಿ ಸುಳಿ ಏಳುವುದನ್ನು ನೀವು ನೋಡಿದ್ದೀರಿ. ಗಾಳಿಗೆ ಬೆನ್ನು ಕೊಟ್ಟು ನಿಂತವನ ಎದೆಯ ಮುಂದೆಯೂ ಹಾಗೆಯೇ ಸುಳಿ ಏಳುತ್ತದೆ. ಕೈಯಲ್ಲಿರುವ ಯಂತ್ರದ ದೂಳನ್ನು ಅದು ಮೂಗಿನ ಕಡೆಗೇ ಎಳೆಯುತ್ತದೆ. ಉಳಿದುದು ಪಕ್ಕದವರ ಪಾಲು.

ನೀರಿನ ಬಳಕೆಯಲ್ಲೂ ಇಂಥದೇ ಸೂಕ್ಷ್ಮವಿದೆ. ಗಾಳಿಯಲ್ಲಿ ತೇಲುವ ಸಣ್ಣ ಕಣಗಳ ಮೇಲೆ ದಪ್ಪ ಹನಿಗಳನ್ನು ಸುರಿಸಿದರೆ ಕಣಗಳು ಹನಿಯ ಸುತ್ತ ಬಳಸಿ ಹರಿಯುವ ಗಾಳಿಯೊಡನೆ ತಪ್ಪಿಸಿಕೊಳ್ಳುತ್ತವೆ. ದೂಳು ಎದ್ದ ಮೇಲೆ ಹಿಡಿಯುವುದಕ್ಕಿಂತ, ಅಲಗು ಕಲ್ಲನ್ನು ಮುಟ್ಟುವ ಜಾಗಕ್ಕೇ ನೀರು ಬಿಟ್ಟು ಏಳದಂತೆ ಮಾಡುವುದು ಹೆಚ್ಚು ಫಲಕಾರಿ.

ಮುಖಗವಸಿನ ಲೆಕ್ಕ

ಮುಖಗವಸು ಬೇಡವೆಂದು ನಾನು ಹೇಳುತ್ತಿಲ್ಲ. ಅದು ಕೊನೆಯ ಅಡ್ಡಗೋಡೆ, ಮೊದಲನೆಯದಲ್ಲ. ಎನ್95 ದರ್ಜೆಯ ಶೋಧಕ ಶೇಕಡಾ 95ರಷ್ಟು ಕಣಗಳನ್ನು ತಡೆಯಬಲ್ಲದು. ಆದರೆ ಕೆನ್ನೆಯ ಅಂಚಿನಲ್ಲಿ ಶೇಕಡಾ 10ರಷ್ಟು ಗಾಳಿ ಸೋರಿದರೆ? ಸೋರಿದ 10 ಭಾಗ, ಉಳಿದ 90ರಲ್ಲಿ ಶೋಧಕ ಬಿಟ್ಟುಕೊಟ್ಟ 4.5 ಭಾಗ: ಒಟ್ಟು 14.5 ಭಾಗ ಒಳಗೆ ಹೋಯಿತು. ಹೊರಗಿನ ದೂಳು ಮಿತಿಯ 20 ಪಟ್ಟು ಇದ್ದರೆ ಮುಖಗವಸಿನ ಒಳಗೂ ಅದು ಮಿತಿಯ ಸುಮಾರು 3 ಪಟ್ಟು. ಗಡ್ಡ, ಬೆವರು, ಬೇಸಿಗೆಯ ಸೆಖೆ, ಮಾತನಾಡಲು ಕೆಳಗಿಳಿಸುವ ಅಭ್ಯಾಸ ಇವೆಲ್ಲ ಸೋರಿಕೆಯನ್ನು ಹೆಚ್ಚಿಸುತ್ತವೆ. ಕರವಸ್ತ್ರಕ್ಕಂತೂ ಈ ಲೆಕ್ಕವೇ ಬೇಕಿಲ್ಲ. "ನಾವು ಕೊಟ್ಟೆವು, ಅವರು ಹಾಕಿಕೊಳ್ಳಲಿಲ್ಲ" ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಎಂಟು ಗಂಟೆ ಹಾಕಿಕೊಳ್ಳಲಾಗದ ಸಾಧನವನ್ನೇ ಏಕೈಕ ರಕ್ಷಣೆಯಾಗಿ ಆರಿಸಿದವರು ಯಾರು ಎಂದು ನಾವು ಕೇಳುವುದಿಲ್ಲ.

ಕಾನೂನಿನ ಸೂತ್ರ

ಕಾರ್ಖಾನೆಗಳ ಕಾಯ್ದೆಗೆ 1987ರಲ್ಲಿ ಮಾಡಿದ ತಿದ್ದುಪಡಿಯ ಮೂಲಕ ಸಿಲಿಕಾ ದೂಳಿಗೆ ಒಂದು ಮಿತಿ ಬಂತು. ಉಸಿರಾಡಬಲ್ಲ ದೂಳು ಘನ ಮೀಟರ್ ಗಾಳಿಯಲ್ಲಿ 10/(ಕ್ವಾರ್ಟ್ಸ್‌ನ ಶೇಕಡಾವಾರು + 2) ಮಿಲಿಗ್ರಾಂ ಮೀರಬಾರದು. ಇದನ್ನು ನಿಮ್ಮ ವಿದ್ಯಾರ್ಥಿಗಳಿಂದಲೇ ಲೆಕ್ಕ ಮಾಡಿಸಿ. ಶೇಕಡಾ 30 ಕ್ವಾರ್ಟ್ಸ್ ಇರುವ ಗ್ರಾನೈಟ್ ದೂಳಾದರೆ ಮಿತಿ 10/32, ಅಂದರೆ 0.31 ಮಿಲಿಗ್ರಾಂ. ಅದರಲ್ಲಿ ಕ್ವಾರ್ಟ್ಸ್‌ನ ಪಾಲು 0.094 ಮಿಲಿಗ್ರಾಂ. ಶುದ್ಧ ಕ್ವಾರ್ಟ್ಸ್ ಆದರೆ 0.098. ಶೇಕಡಾವಾರು ಹೆಚ್ಚಿದಂತೆ ಉತ್ತರ 0.1 ಮಿಲಿಗ್ರಾಂ ಕಡೆಗೆ ಹೋಗುತ್ತದೆ.

ಈ ಸೂತ್ರ ಅಮೆರಿಕದಲ್ಲಿ 1971ರಿಂದ ಇದ್ದುದು. ಅಲ್ಲಿನ ಸಂಶೋಧನಾ ಸಂಸ್ಥೆ 1974ರಲ್ಲೇ ಮಿತಿಯನ್ನು 0.05ಕ್ಕೆ ಇಳಿಸಬೇಕೆಂದು ಶಿಫಾರಸು ಮಾಡಿತು. ಅದು ಕಾನೂನಾದದ್ದು 2016ರಲ್ಲಿ. ಅಂದರೆ ಸಂಶೋಧನೆಗೂ ಕಾನೂನಿಗೂ ನಡುವೆ ಶ್ರೀಮಂತ ದೇಶದಲ್ಲೇ 42 ವರ್ಷಗಳ ಅಂತರ. ಹೀಗಾಗಿ ವಿಳಂಬ ನಮ್ಮ ದೇಶದ ದೋಷ ಮಾತ್ರ ಎನ್ನಲಾಗದು. ಆದರೆ ಬೇರೆಯವರು ಕೈಬಿಟ್ಟ ಸೂತ್ರವನ್ನು ನಾವು ಹಿಡಿದುಕೊಂಡಿರಬೇಕಾದ ಕಾರಣವೂ ಇಲ್ಲ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಇಂಥ ಮಿತಿಗಳನ್ನು ನಿಗದಿಪಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿದೆ. ನಿಯಮ ಬರೆಯುವಾಗ ಹಳೆಯ ಸೂತ್ರವನ್ನು ನಕಲು ಮಾಡುವುದೋ, 0.05 ಎಂದು ಬರೆಯುವುದೋ ಎಂಬುದು ನಮ್ಮ ರಾಜ್ಯದ ಮುಂದಿರುವ ಪ್ರಶ್ನೆ.

0.05 ಮಿಲಿಗ್ರಾಂ ಎಂದರೆ ಎಷ್ಟು? ದುಡಿಯುವ ವ್ಯಕ್ತಿ ಒಂದು ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಸೇವಿಸುತ್ತಾನೆ. ಹಾಗಾದರೆ ದಿನಕ್ಕೆ ಅರ್ಧ ಮಿಲಿಗ್ರಾಂ. ತೂಕದಲ್ಲಿ ಇದು ಪುಡಿ ಉಪ್ಪಿನ ಹತ್ತು ಹರಳುಗಳಿಗೂ ಸಮವಲ್ಲ.

ಸಂಶೋಧನೆಗೆ ಕೊರತೆ ಇಲ್ಲ

ಕೋಲಾರದ ಚಿನ್ನದ ಗಣಿ ಕಾರ್ಮಿಕರಲ್ಲಿ ಸಿಲಿಕೋಸಿಸ್ ವ್ಯಾಪಕವಾಗಿರುವುದು 1940ರ ದಶಕದಲ್ಲೇ ವರದಿಯಾಗಿತ್ತು. ಸ್ಲೇಟಿನ ಮೇಲೆ ನಾವೆಲ್ಲ ಬರೆದ ಬಳಪವನ್ನು ನೆನಪಿಸಿಕೊಳ್ಳಿ. ಮಧ್ಯಪ್ರದೇಶದ ಮಂದಸೌರ್ ಪ್ರದೇಶದಲ್ಲಿ ಆ ಬಳಪ ಕತ್ತರಿಸುವವರನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪರೀಕ್ಷಿಸಿತು. 1985ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಮಿಕರಿಗೆ ಸಿಲಿಕೋಸಿಸ್ ಇತ್ತು. ಅಕ್ಷರ ಕಲಿಯುವ ಮಗುವಿನ ಕೈಗೆ ಬಳಪ ಕೊಟ್ಟವರ ಉಸಿರು ಹೋಗುತ್ತಿದ್ದುದು ಮೇಷ್ಟರುಗಳಾದ ನಮಗೆ ಗೊತ್ತೇ ಇರಲಿಲ್ಲ.

ಇತ್ತೀಚಿನ ಕಥೆ ಅಡಿಗೆಮನೆಯದು. ಕ್ವಾರ್ಟ್ಸ್ ಪುಡಿಯನ್ನು ರಾಳದೊಡನೆ ಬೆಸೆದು ಮಾಡಿದ ಕೃತಕ ಕಲ್ಲಿನಲ್ಲಿ ಸಿಲಿಕಾ ಶೇಕಡಾ 90ನ್ನು ಮೀರುವುದುಂಟು. ಅದನ್ನು ಒಣಗಿದ್ದಂತೆಯೇ ಕತ್ತರಿಸಿದ ಯುವಕರಲ್ಲಿ ಕೆಲವೇ ವರ್ಷಗಳಲ್ಲಿ ರೋಗ ಕಾಣಿಸಿಕೊಂಡಿತು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಆಗತಾನೆ ಒಡೆದ ಕ್ವಾರ್ಟ್ಸ್ ಹಳೆಯ ದೂಳಿಗಿಂತ ಹೆಚ್ಚು ಅಪಾಯಕಾರಿ ಎಂಬುದು ಬಹುಕಾಲದಿಂದ ಗೊತ್ತಿತ್ತು. ಒಡೆದ ಮೇಲ್ಮೈಯಲ್ಲಿರುವ ಒಂದು ಬಗೆಯ ಸಿಲನಾಲ್ ಗುಂಪುಗಳೇ ಇದಕ್ಕೆ ಮುಖ್ಯ ಕಾರಣವೆಂದು 2020ರ ಸಂಶೋಧನೆ ತೋರಿಸಿತು. ನಮ್ಮ ಅಹಮದಾಬಾದಿನ ಸಂಸ್ಥೆಯೇ ರಕ್ತದಲ್ಲಿನ ಸಿಸಿ16 ಎಂಬ ಪ್ರೋಟೀನನ್ನು ಅಳೆದು ಹಾನಿಯನ್ನು ಬೇಗ ಗುರುತಿಸುವ ಪರೀಕ್ಷೆಯನ್ನು ರೂಪಿಸಿದೆ. ಇದು ಹೆಮ್ಮೆಯ ಸಂಗತಿ. ಆದರೆ ರೋಗವನ್ನು ಬೇಗ ಪತ್ತೆ ಮಾಡಿ, ಅದೇ ಮನುಷ್ಯನನ್ನು ಅದೇ ದೂಳಿಗೆ ಕಳಿಸಿದರೆ ಪರೀಕ್ಷೆಯಿಂದ ಏನು ಬಂತು?

ಆಕ್ಷೇಪಗಳು

ಸಣ್ಣ ಘಟಕದವರ ಮಾತನ್ನೂ ಕೇಳಬೇಕು. ನೀರಿಲ್ಲ, ಹಣವಿಲ್ಲ, ನೀರು ಬಿಟ್ಟರೆ ವಿದ್ಯುತ್ ಆಘಾತವಾಗುತ್ತದೆ ಎನ್ನುತ್ತಾರೆ. ಕೊನೆಯದು ನ್ಯಾಯವಾದ ಭಯ. ಸಾಮಾನ್ಯ ಗ್ರೈಂಡರ್ ಮೇಲೆ ನೀರು ಸುರಿಯುವುದು ಜೀವಕ್ಕೇ ಅಪಾಯ. ನೀರಿನೊಡನೆ ಬಳಸಲೆಂದೇ ಮಾಡಿದ ಯಂತ್ರ, ಸೋರು ವಿದ್ಯುತ್ತನ್ನು ಕಡಿದುಹಾಕುವ ಸ್ವಿಚ್ಚು, ಭೂಸಂಪರ್ಕ ಇವು ಇರಲೇಬೇಕು. ನೀರನ್ನು ತೊಟ್ಟಿಯಲ್ಲಿ ತಿಳಿಯಾಗಿಸಿ ಮತ್ತೆ ಬಳಸಬಹುದು; ಆದರೆ ತಳದ ಕೆಸರು ಒಣಗಿದರೆ ಅದೇ ಮತ್ತೆ ದೂಳಾಗುವುದರಿಂದ ಒದ್ದೆಯಾಗಿದ್ದಾಗಲೇ ತೆಗೆಯಬೇಕು. ಹಣದ ಮಾತಿಗೆ ನನ್ನ ಉತ್ತರ ಇಷ್ಟೇ: ಉಳಿದ ಹಣದ ಲೆಕ್ಕ ಮಾಲೀಕರ ಪುಸ್ತಕದಲ್ಲಿದೆ, ಆದ ಖರ್ಚು ಕಾರ್ಮಿಕನ ಮನೆಯಲ್ಲಿದೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಯಾವುದು ಅಗ್ಗವೆಂಬುದು ತಿಳಿಯುತ್ತದೆ.

ನಾವೇನು ಮಾಡಬಹುದು?

ಶಿಕ್ಷಕ ಮಿತ್ರರೇ, ಸ್ಟೋಕ್ಸ್ ನಿಯಮದ ಪಾಠಕ್ಕೆ ಗ್ಲಿಸರಿನ್ ಜೊತೆಗೆ ಒಂದು ಕಲ್ಲುಪುಡಿ ಕೇಂದ್ರವನ್ನೂ ಸೇರಿಸಿ. ಊದುಬತ್ತಿಯ ಹೊಗೆಯನ್ನು ಫ್ಯಾನಿನ ಮುಂದೆ, ಹಿಂದೆ ಹಿಡಿದು ಗಾಳಿ ಹೇಗೆ ಚಲಿಸುತ್ತದೆಂದು ತೋರಿಸಿ. ನಿಮ್ಮ ತರಗತಿಯಲ್ಲಿ ಕುಳಿತವರಲ್ಲಿ ಕಲ್ಲು ಒಡೆಯುವವರ ಮಕ್ಕಳು ಇರಬಹುದು. ನಾಳೆ ಘಟಕ ನಡೆಸುವವರು, ತಪಾಸಣೆ ಮಾಡುವವರು, ನಿಯಮ ಬರೆಯುವವರೂ ಇರಬಹುದು. ಬೆಳಕಿನ ಚದುರುವಿಕೆಯಿಂದ ದೂಳನ್ನು ಅಳೆಯುವ ಅಗ್ಗದ ಸಂವೇದಕಗಳು ಈಗ ಸಿಗುತ್ತವೆ. ಅವು ಸಿಲಿಕಾವನ್ನು ಬೇರೆ ದೂಳಿನಿಂದ ಗುರುತಿಸಲಾರವು. ಆದರೆ ಹೀರುಕೊಳವೆಯ ಜಾಗ ಬದಲಿಸುವ ಮೊದಲು ಮತ್ತು ಅನಂತರ ದೂಳು ಎಷ್ಟೆಂದು ಹೋಲಿಸಲು ಸಾಕು. ಪದವಿ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಯುಕ್ತವಾದ ಯೋಜನಾ ಕಾರ್ಯ ನನಗೆ ತೋಚುವುದಿಲ್ಲ.

ನನ್ನ ಮಟ್ಟಿಗೆ ಒಂದು ನಿರ್ಧಾರ ಮಾಡಿದ್ದೇನೆ. ಮುಂದೆ ಯಾರಾದರೂ ಸುರಕ್ಷತಾ ದಿನದ ಭಾಷಣಕ್ಕೆ ಕರೆದರೆ, ಮೊದಲು ಒಳಗೆ ಕರೆದುಕೊಂಡು ಹೋಗಿ, ಭಾಷಣ ಆಮೇಲೆ ಎನ್ನುತ್ತೇನೆ. ಫ್ಯಾನ್ ಯಾವ ಕಡೆಗೆ ತಿರುಗಿದೆ ಎಂದು ನೋಡಿಕೊಂಡೇ ಮಾತು ಶುರು ಮಾಡುತ್ತೇನೆ.