ಚೆಲುವಿಗೆ ಕೈಕಾಲು ಬರಲೇ ಇಲ್ಲ

ಹೋದ ಮಳೆಗಾಲದಲ್ಲಿ ಒಂದು ರಾತ್ರಿ, ಪುಣೆಯ ಶಿವಾಜಿನಗರದ ನಮ್ಮ ಎರಡು ಖೋಲಿಯ ಮನೆಯಲ್ಲಿ ಅಕ್ಕನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಿರೀಶ ಕಾರ್ನಾಡರ ‘ಚೆಲುವಿ’ ನೋಡಿದೆ. ಅವಳಿಗೆ ಒಂಬತ್ತು ವರ್ಷ. ಸಿನಿಮಾ ಹಿಂದಿಯದು, ಕತೆ ಮಾತ್ರ ನಮ್ಮ ಕಡೆಯದು. ಹೂವಿನ ಮರವಾಗುವ ಹುಡುಗಿಯ ಈ ಕತೆಯನ್ನು ಅವಳು ನನ್ನ ಅಮ್ಮನ ಬಾಯಿಂದ ಎಷ್ಟು ಸಲ ಕೇಳಿದ್ದಾಳೋ ಲೆಕ್ಕವಿಲ್ಲ. ಸಿನಿಮಾ ಮುಗಿದ ಮೇಲೂ ಪರದೆಯನ್ನೇ ನೋಡುತ್ತ ಕೂತಿದ್ದಳು. ಆಮೇಲೆ, “ಖಾಲಾ, ಅಕಿಗೆ ಕೈಕಾಲು ಬರಲೇ ಇಲ್ಲಲ್ಲ. ಇವ್ರಿಗೆ ಕತಿ ಪೂರಾ ಗೊತ್ತಿಲ್ಲೇನು?” ಅಂದಳು.

ಕಾರ್ನಾಡರಿಗೆ ಕತೆ ಪೂರಾ ಗೊತ್ತಿತ್ತು. ಕನ್ನಡದ ಹೆಣ್ಣುಮಕ್ಕಳು ಹೇಳುತ್ತ ಬಂದ ಈ ಕತೆಯನ್ನು ಎ.ಕೆ. ರಾಮಾನುಜನ್ ಸಂಗ್ರಹಿಸಿ ಇಂಗ್ಲಿಷಿಗೆ ತಂದಿದ್ದರು. ಕಾರ್ನಾಡರು 1992ರಲ್ಲಿ ಅದನ್ನೇ ಸಿನಿಮಾ ಮಾಡಿದರು. ಚೆಲುವಿಯಾದ ಸೋನಾಲಿ ಕುಲಕರ್ಣಿ ಪುಣೆಯವರೇ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. ಅದು ಅವರ ಮೊದಲ ಸಿನಿಮಾ. (ಇದನ್ನು ಕೇಳಿದ ಮೇಲೆ ನಮ್ಮ ಹುಡುಗಿ ಆ ಕಾಲೇಜಿನ ಗೇಟಿನ ಮುಂದೆ ಹಾಯುವಾಗೆಲ್ಲ ಮರಗಳನ್ನೇ ದಿಟ್ಟಿಸುತ್ತಾಳೆ.)

ಕತೆ ನಿಮಗೆ ಗೊತ್ತಿರಬಹುದು. ಕೂಲಿ ಮಾಡುವ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಉಗುರು ತಾಗದ ಎರಡು ಬಿಂದಿಗೆ ನೀರು. ಒಂದನ್ನು ಸುರಿದರೆ ಕಿರಿಯಳು ಮರವಾಗುತ್ತಾಳೆ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಅಕ್ಕ ಹೂ ಬಿಡಿಸಬೇಕು, ಆದರೆ ಒಂದು ಎಲೆಗೂ ನೋವಾಗಬಾರದು. ಹೂ ಮಾರಿ ಮನೆ ನಡೆಯುತ್ತದೆ. ರಾಜಕುಮಾರ ಕದ್ದು ನೋಡುತ್ತಾನೆ, ಮದುವೆಯಾಗುತ್ತಾನೆ, ತನ್ನ ಮುಂದೆಯೂ ಮರವಾಗು ಎಂದು ಹಟ ಹಿಡಿಯುತ್ತಾನೆ. ಆಮೇಲೆ ನಾದಿನಿ ತೋಟಕ್ಕೆ ಕರೆದೊಯ್ದು ಗೆಳತಿಯರ ಮುಂದೆ ಅದನ್ನೇ ಮಾಡಿಸುತ್ತಾಳೆ. ಹುಡುಗಿಯರು ಕೊಂಬೆ ಎಳೆದು ಮುರಿದು, ನೀರನ್ನು ಹೆಂಗೆಂಗೋ ಚೆಲ್ಲಿ ಹೋಗಿಬಿಡುತ್ತಾರೆ. ಉಳಿದದ್ದು ಕೈಯಿಲ್ಲದ, ಕಾಲಿಲ್ಲದ ಒಂದು ಜೀವ.

ಇಲ್ಲಿಂದ ಮುಂದೆ ಅಮ್ಮನ ಕತೆ ಒಂದು ದಾರಿ, ಸಿನಿಮಾ ಇನ್ನೊಂದು ದಾರಿ. ಕತೆಯಲ್ಲಿ ಅವಳು ಬೇರೆ ಊರಿನ ಅರಮನೆ ಸೇರುತ್ತಾಳೆ. ಅವಳನ್ನು ಕಳೆದುಕೊಂಡು ಭಿಕ್ಷುಕನಂತಾದ ಗಂಡನೂ ಅಲ್ಲಿಗೇ ಬರುತ್ತಾನೆ. ಅವನು ಗುರುತು ಹಿಡಿದ ಮೇಲೆ ಅವಳು ಬಾಯಿ ಬಿಡುತ್ತಾಳೆ. ಈ ಬಿಂದಿಗೆ ಸುರಿ, ಮುರಿದ ಕೊಂಬೆ ಸರಿಯಾಗಿ ಕೂರಿಸಿ ಕಟ್ಟು, ಆಮೇಲೆ ಆ ಬಿಂದಿಗೆ. ಅವನು ಹೇಳಿದ ಹಾಗೆ ಮಾಡುತ್ತಾನೆ, ಅವಳು ಎದ್ದು ನಿಲ್ಲುತ್ತಾಳೆ. ನನಗೆ ಇಡೀ ಕತೆಯ ಜೀವ ಇರುವುದೇ ಇಲ್ಲಿ. ಅಲ್ಲಿಯವರೆಗೆ ಗಂಡ, ನಾದಿನಿ ಎಲ್ಲರೂ ಅವಳಿಗೆ ‘ಮರವಾಗು’ ಅಂದವರೇ. ಈಗ ಹುಕುಮು ಅವಳದು, ಕೇಳುವವನು ಅವನು.

ಸಿನಿಮಾದಲ್ಲಿ ಅವಳು ಅರ್ಧ ಮರವಾಗಿಯೇ ಉಳಿಯುತ್ತಾಳೆ. ಕೊಂಬೆಗಳು ಮರಳಿ ಕೂಡುವುದಿಲ್ಲ. ಕಾರ್ನಾಡರು ರಾಜಕುಮಾರನನ್ನು ಹಳ್ಳಿಯ ದೊಡ್ಡ ಮನೆಯ ಮಗನನ್ನಾಗಿ ಮಾಡಿ, ಆ ಮನೆಯ ಯಜಮಾನನ ಪಾತ್ರವನ್ನು ತಾವೇ ವಹಿಸಿದರು. ಹಾಗಾಗಿ ಕೇಡು ಮಾಯಾಲೋಕದ್ದಾಗದೆ ನಮ್ಮ ನಿಮ್ಮ ಊರಿನದಾಯಿತು. ಇದು ಜಾಣ ಬದಲಾವಣೆ, ಮೆಚ್ಚುತ್ತೇನೆ. ಪರಿಸರ ಸಂರಕ್ಷಣೆಯ ವಿಭಾಗದಲ್ಲಿ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕಡಿದ ಕಾಡು ಬಿಂದಿಗೆ ನೀರಿಗೆ ಮರಳುವುದಿಲ್ಲ, ಆ ಸತ್ಯಕ್ಕೆ ಈ ಅಂತ್ಯವೇ ಬೇಕಿತ್ತು ಎಂದು ವಾದಿಸಬಹುದು. ಒಪ್ಪೋಣ. ಆದರೆ ಪ್ರಶಸ್ತಿಯ ಹೆಸರಲ್ಲೇ ನನ್ನ ತಕರಾರೂ ಇದೆ. ಕತೆಯಲ್ಲಿ ಮರವಾಗಬಲ್ಲ ಹೆಣ್ಣಿದ್ದಳು. ಸಿನಿಮಾ ಮುಗಿಯುವ ಹೊತ್ತಿಗೆ ಹೆಣ್ಣಿನ ಮುಖವಿರುವ ಕಾಡು ಉಳಿಯಿತು. ಕಾಡಿಗಾಗಿ ಅಳುವಾಗ ಅವಳನ್ನು ಮರೆಯುವುದು ಸುಲಭ.

ಮಕ್ಕಳ ಕತೆ ಪರದೆಗೆ ಬಂದಾಗ ಹುಡುಗಿಯರ ಕೈಯಿಂದ ಏನೋ ಜಾರುವುದು ಇದೊಂದೇ ಕಡೆ ಅಲ್ಲ. ಎಲ್. ಫ್ರಾಂಕ್ ಬಾಮ್ ಅವರ ಓಝ್ ಮಾಂತ್ರಿಕನ ಕಾದಂಬರಿ 1900ರದು. ಅಲ್ಲಿ ಮಾಟಗಾತಿ ಡೊರೊಥಿಯ ಒಂದು ಬೆಳ್ಳಿ ಬೂಟು ಕಸಿದುಕೊಳ್ಳುತ್ತಾಳೆ. ಹುಡುಗಿ ಸಿಟ್ಟಿನಿಂದ ಬಕೆಟ್ ನೀರು ಅವಳ ಮೇಲೆ ಎರಚುತ್ತಾಳೆ, ಮಾಟಗಾತಿ ಕರಗುತ್ತಾಳೆ. 1939ರ ಹಾಲಿವುಡ್ ಸಿನಿಮಾದಲ್ಲಿ ಡೊರೊಥಿ ನೀರು ಎರಚುವುದು ಬೆದರುಬೊಂಬೆಗೆ ಹತ್ತಿದ ಬೆಂಕಿ ಆರಿಸಲಿಕ್ಕೆ, ಅದು ಆಕಸ್ಮಿಕವಾಗಿ ಮಾಟಗಾತಿಗೆ ತಾಗುತ್ತದೆ. ಒಳ್ಳೆಯ ಹುಡುಗಿಗೆ ಸಿಟ್ಟು ಬರಬಾರದಲ್ಲ! ಸಾಲದ್ದಕ್ಕೆ ಕೊನೆಗೆ ಎಲ್ಲ ಕನಸಾಗಿಬಿಡುತ್ತದೆ. ಬಾಮ್ ಅವರಿಗೆ ಓಝ್ ನಿಜವಾದ ನಾಡು, ಮುಂದಿನ ಪುಸ್ತಕಗಳಲ್ಲಿ ಡೊರೊಥಿ ಚಿಕ್ಕಪ್ಪ ಚಿಕ್ಕಮ್ಮನನ್ನೂ ಕರಕೊಂಡು ಅಲ್ಲೇ ನೆಲೆಸುತ್ತಾಳೆ.

ಹುಡುಗರೂ ಬದಲಾಗುತ್ತಾರೆ ಅನ್ನಿ. ಕಿಪ್ಲಿಂಗ್ ಬರೆದ ಮೌಗ್ಲಿಯನ್ನು ಹಳ್ಳಿಯವರು ಕಲ್ಲು ಹೊಡೆದು ಓಡಿಸುತ್ತಾರೆ. 1967ರ ಡಿಸ್ನಿ ಸಿನಿಮಾದಲ್ಲಿ ಅವನು ನೀರು ಹೊತ್ತ ಹುಡುಗಿಯ ಹಿಂದೆ ನಗುತ್ತ ಹಳ್ಳಿ ಸೇರುತ್ತಾನೆ. ಎತ್ತಲೂ ಸೇರದವನ ಸಂಕಟ ಹಾಡಿನಲ್ಲಿ ಮುಳುಗಿಹೋಯಿತು.

ಇದನ್ನು ಓದುವ ವಿದ್ಯಾರ್ಥಿಗಳಿಗೆ ಒಂದು ಮಾತು. ಪುಸ್ತಕದಲ್ಲಿ ಹೀಗಿತ್ತು, ಸಿನಿಮಾದಲ್ಲಿ ಹಾಗಿದೆ ಎಂದು ಪಟ್ಟಿ ಮಾಡಿದರೆ ವಿಮರ್ಶೆ ಆಗೋದಿಲ್ಲ. ಬೆಳ್ಳಿ ಬೂಟು ಕೆಂಪಾದದ್ದು ಬಣ್ಣದ ಪರದೆಯ ಮೇಲೆ ಎದ್ದು ಕಾಣಲಿ ಅಂತ, ಅದರಿಂದ ಡೊರೊಥಿಗೇನೂ ನಷ್ಟವಿಲ್ಲ. ಸಿಟ್ಟು ಹೋದದ್ದರಿಂದ ನಷ್ಟವಿದೆ.

ಆದರೂ ಅಮ್ಮನ ಕತೆಯ ಸುಖಾಂತ್ಯದ ಬಗ್ಗೆ ನನಗೊಂದು ಕಸಿವಿಸಿ ಇದ್ದೇ ಇದೆ. ಮೊದಲು ಹಟ ಹಿಡಿದವನು ಆ ಗಂಡನೇ. ಭಿಕ್ಷೆ ಬೇಡಿದ ಮಾತ್ರಕ್ಕೆ ಅವನ ತಪ್ಪು ತೊಳೆದು ಹೋಯಿತೇ? ಕತೆ ಅವನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಸಿನಿಮಾ ಬಿಡುವುದಿಲ್ಲ. ಈ ಒಂದು ವಿಷಯದಲ್ಲಿ ಕಾರ್ನಾಡರ ಅಂತ್ಯವೇ ಹೆಚ್ಚು ನ್ಯಾಯದ್ದು ಎಂದು ನನಗೆ ಅನಿಸಿದೆ, ಅಮ್ಮನ ಎದುರು ಹೇಳುವ ಧೈರ್ಯ ಇಲ್ಲ.

ಮರುದಿನ ಸಂಜೆ ನಮ್ಮ ಹುಡುಗಿ ಫೋನಿನಲ್ಲಿ ನಾನಿಗೇ ಕತೆ ಹೇಳುತ್ತಿದ್ದಳು. ಸಿನಿಮಾ ನೋಡಿದ್ದು ವ್ಯರ್ಥವಾಗಿರಲಿಲ್ಲ, ಅವಳ ಕತೆಯಲ್ಲೂ ಈಗ ಕಾಡು ಕಡಿಯುವವರು ಬಂದಿದ್ದರು. ಹಂಗಾದ್ರ ಕೊಂಬಿ ಎಲ್ಲಿಂದ ತಂದ್ರು ಅಂತ ಅಮ್ಮ ಆ ಕಡೆಯಿಂದ ಕೇಳಿರಬೇಕು. “ಚೆಲುವಿ ರಸ್ತಾದಾಗ ಲಾರಿ ನಿಲ್ಲಸಿದ್ಳು,” ಅಂದಳು. “ನನ್ನವು ಇಳಸ್ರಿ ಅಂದ್ಳು.”