ಹಾಡುಗಳ ಎಣಿಕೆ, ಕಿವಿಯ ಲೆಕ್ಕ

ಜೇಬಿನಲ್ಲಿ ಇಟ್ಟುಕೊಳ್ಳುವ ಸಂಗೀತ ಸಾಧನಗಳ ಬೆಳವಣಿಗೆಯನ್ನು ವಿವರಿಸುವವರು ಸಾಮಾನ್ಯವಾಗಿ ಒಂದೇ ಅಳತೆಗೋಲನ್ನು ಹಿಡಿಯುತ್ತಾರೆ: ಅದರಲ್ಲಿ ಎಷ್ಟು ಹಾಡು ಹಿಡಿಸುತ್ತದೆ? 2001ರ ಅಕ್ಟೋಬರ್ 23ರಂದು ಆಪಲ್ ಕಂಪನಿ ಐಪಾಡನ್ನು ಪರಿಚಯಿಸಿದ್ದೂ ಜೇಬಿನಲ್ಲಿ ಸಾವಿರ ಹಾಡು ಎಂದೇ. ಜಾಹೀರಾತಿನ ಮಾತಾದರೂ ಲೆಕ್ಕ ಸುಳ್ಳಲ್ಲ. ನಾಲ್ಕು ನಿಮಿಷದ ಹಾಡನ್ನು ಸೆಕೆಂಡಿಗೆ 160 ಕಿಲೋಬಿಟ್ ದರದಲ್ಲಿ ಎಂಪಿ3 ಮಾಡಿದರೆ 4.8 ಮೆಗಾಬೈಟ್ ಆಗುತ್ತದೆ. ಸಾವಿರ ಹಾಡಿಗೆ 4.8 ಗಿಗಾಬೈಟ್, ಐಪಾಡಿನ ಡಿಸ್ಕ್ 5 ಗಿಗಾಬೈಟಿನದು. ಲೆಕ್ಕ ಸರಿ, ಆದರೆ ಅಳತೆಗೋಲು ಸರಿಯೇ?

ಕೇವಲ ಸಂಗ್ರಹಸಾಮರ್ಥ್ಯವೇ ಮುಖ್ಯವಾಗಿದ್ದರೆ ಐಪಾಡ್ ಗೆಲ್ಲಬೇಕಾಗಿರಲಿಲ್ಲ. 2000ದಲ್ಲೇ ಬಂದ ಕ್ರಿಯೇಟಿವ್ ಕಂಪನಿಯ ನೊಮಾಡ್ ಜೂಕ್‌ಬಾಕ್ಸ್‌ನಲ್ಲಿ 6 ಗಿಗಾಬೈಟ್ ಇತ್ತು. ಆದರೆ ಅದರ ಗಾತ್ರ ಸಿ.ಡಿ. ಪ್ಲೇಯರಿನಷ್ಟು. ಕಂಪ್ಯೂಟರಿನಿಂದ ಹಾಡು ತುಂಬಲು ಅದಕ್ಕಿದ್ದದ್ದು ಸೆಕೆಂಡಿಗೆ ಹೆಚ್ಚೆಂದರೆ 12 ಮೆಗಾಬಿಟ್ ಸಾಗಿಸುವ ಹಳೆಯ ಯು.ಎಸ್.ಬಿ. ದಾರಿ. ಐಪಾಡ್ ಬಳಸಿದ್ದು ತೋಶಿಬಾದ 1.8 ಅಂಗುಲದ ಪುಟ್ಟ ಡಿಸ್ಕನ್ನು ಮತ್ತು 400 ಮೆಗಾಬಿಟ್‌ನ ಫೈರ್‌ವೈರನ್ನು. ಇನ್ನೊಂದು ಜಾಣತನವೂ ಇದರಲ್ಲಿತ್ತು. ಹಾಡನ್ನು ಮೊದಲು 32 ಮೆಗಾಬೈಟಿನ ಸ್ಮೃತಿಗೆ ತುಂಬಿಕೊಂಡು ಡಿಸ್ಕನ್ನು ನಿಲ್ಲಿಸಿಬಿಡುವುದು. ಡಿಸ್ಕ್ ಸದಾ ತಿರುಗಬೇಕಾಗದ ಕಾರಣ ಬ್ಯಾಟರಿ 10 ಗಂಟೆ ಬಾಳುತ್ತಿತ್ತು. 1998ರ ರಿಯೋ ಪಿ.ಎಂ.ಪಿ.300ರ ಒಳಗಿದ್ದ ಒಟ್ಟು ಸ್ಮೃತಿಯೇ 32 ಮೆಗಾಬೈಟ್ ಎಂಬುದನ್ನು ಇಲ್ಲಿ ನೆನೆಯಬೇಕು. ಅರ್ಧ ಗಂಟೆಯ ಸಂಗೀತಕ್ಕೆ ಅದು ತುಂಬಿಹೋಗುತ್ತಿತ್ತು.

ಎಂಪಿ3 ಸಂಗೀತವನ್ನು ಕೆಡಿಸಿತು ಎಂಬ ದೂರು ಬಹಳ ದಿನ ಕೇಳಿಬಂತು. ಸಿ.ಡಿ.ಯಲ್ಲಿ ಸೆಕೆಂಡಿಗೆ 14,11,200 ಬಿಟ್‌ಗಳಿರುತ್ತವೆ. 160 ಕಿಲೋಬಿಟ್ ಎಂದರೆ ಅದರ ಸುಮಾರು ಒಂಬತ್ತನೆಯ ಒಂದು ಭಾಗ. ಜೋರು ಸದ್ದಿನ ನೆರಳಿನಲ್ಲಿ ಅಡಗುವ ಸಣ್ಣ ಸದ್ದನ್ನು ಕಿವಿ ಗುರುತಿಸದು. ಅಂಥದ್ದನ್ನು ಒರಟಾಗಿ ದಾಖಲಿಸುವುದು ಅಥವಾ ಬಿಟ್ಟೇಬಿಡುವುದು ಈ ವಿಧಾನದ ಮರ್ಮ. ದರ ತೀರ ಕಡಿಮೆಯಾದರೆ ಚಿಟಿಕೆಯಂಥ ಚುರುಕು ಪೆಟ್ಟಿನ ಮುಂಚೆಯೇ ಅದರ ಮಸುಕು ಕೇಳಿಸುವುದುಂಟು. ಆದರೆ ಬಸ್ಸಿನ ಗದ್ದಲದಲ್ಲಿ ಕೇಳುವವರಿಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟ. ಹಾಗಾಗಿ ಆ ದೂರಿಗೆ ನನ್ನ ಸಹಮತ ಅಷ್ಟಾಗಿ ಇಲ್ಲ. ಟೀಕೆಗೆ ಅರ್ಹವಾದದ್ದು ಬೇರೊಂದಿದೆ, ಮತ್ತು ಅದು ಆ ಗದ್ದಲದಲ್ಲೇ ಇದೆ.

ಹೊರಗಿನ ಸದ್ದನ್ನು ತಡೆಯದ ಇಯರ್‌ಫೋನ್ ಹಾಕಿಕೊಂಡವರು ಮಾಡುವ ಮೊದಲ ಕೆಲಸ ಧ್ವನಿ ಏರಿಸುವುದು. ಕಿವಿಗೆ ಆಗುವ ಹಾನಿ ಪ್ರಬಲತೆಯೊಂದನ್ನೇ ಅವಲಂಬಿಸಿಲ್ಲ; ಕೇಳಿದ ಅವಧಿಯೂ ಸೇರುತ್ತದೆ. ಒಳಗಿವಿಯ ಕೂದಲ ಕೋಶಗಳು ಸತ್ತರೆ ಹಕ್ಕಿಗಳಲ್ಲಿ ಮತ್ತೆ ಹುಟ್ಟುತ್ತವೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ 2018ರಲ್ಲಿ ಪ್ರಕಟಿಸಿದ ಮಾನಕದಂತೆ ವಯಸ್ಕರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ. ಮೂರು ಡೆಸಿಬಲ್ ಏರಿದರೆ ಧ್ವನಿಶಕ್ತಿ ಇಮ್ಮಡಿ, ಅವಧಿ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಕೇವಲ 5. ಈಗ ಐಪಾಡಿನತ್ತ ತಿರುಗಿ ನೋಡಿ. ಒಮ್ಮೆ ಚಾರ್ಜ್ ಮಾಡಿದ ಬ್ಯಾಟರಿಯನ್ನು 89 ಡೆಸಿಬಲ್‌ನಲ್ಲಿ ಕೇಳಿ ಮುಗಿಸಿದರೆ ಎರಡು ವಾರದ ಪಾಲು ಮುಗಿದಂತೆ. ಸಾವಿರ ಹಾಡನ್ನು ಒಂದೊಂದು ಸಲ ಕೇಳಲು ಬೇಕಾದದ್ದು 66 ಗಂಟೆಗೂ ಹೆಚ್ಚು.

ಸೋನಿ ಕಂಪನಿಯ ವಾಕ್‌ಮನ್ 1979ರ ಜುಲೈ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದಿತ್ತು. ಅದು ನಿರಪಾಯಕಾರಿ ಆಗಿತ್ತೆಂದಲ್ಲ. ಅದರ ಧ್ವನಿಯನ್ನೂ ಬೇಕಾದಷ್ಟು ಏರಿಸಬಹುದಿತ್ತು. ಆದರೆ 60 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು ಅರ್ಧ ಗಂಟೆಗೆ ಮುಗಿಯುತ್ತಿತ್ತು. ಮಗುಚಿ ಹಾಕಬೇಕಿತ್ತು. ಯಾರೂ ಉದ್ದೇಶಿಸದ ಈ ಬಿಡುವು ಕಿವಿಗೆ ಸಿಗುತ್ತಿತ್ತು. ಮೊದಲ ಮಾದರಿಯಲ್ಲಿ ಇಬ್ಬರು ಕೇಳಲು ಎರಡು ಹೆಡ್‌ಫೋನ್ ಕಿಂಡಿಗಳಿದ್ದವು. ಒತ್ತಿದರೆ ಸಂಗೀತ ತಗ್ಗಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವಂತೆ ಮಾಡುವ ಕಿತ್ತಳೆ ಬಣ್ಣದ ಗುಂಡಿಯೂ ಇತ್ತು. ನಂತರದ ಮಾದರಿಗಳಲ್ಲಿ ಅದು ಉಳಿಯಲಿಲ್ಲ. ತಾಂತ್ರಿಕ ಪ್ರಗತಿ ಎಂದು ನಾವು ಎಣಿಸಿದ್ದರಲ್ಲಿ ದೊಡ್ಡ ಪಾಲು, ಸಂಗೀತವನ್ನು ನಿಲ್ಲಿಸುವ ಇಂಥ ಒಂದೊಂದೇ ಕಾರಣವನ್ನು ತೆಗೆದುಹಾಕಿದ್ದು.

ತಯಾರಕರಿಗೆ ವಿಷಯ ತಿಳಿದಿರಲಿಲ್ಲವೆನ್ನಲಾಗದು. ಐರೋಪ್ಯ ಒಕ್ಕೂಟದ ವೈಜ್ಞಾನಿಕ ಸಮಿತಿಯೊಂದು 2008ರಲ್ಲೇ ಎಚ್ಚರಿಸಿತ್ತು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು, ಜೋರಾಗಿ, ಐದು ವರ್ಷ ಕೇಳಿದರೆ ಶ್ರವಣಶಕ್ತಿ ಶಾಶ್ವತವಾಗಿ ಕುಂದುವ ಅಪಾಯ ಶೇಕಡ 5ರಿಂದ 10 ಮಂದಿ ಕೇಳುಗರಿಗೆ ಇದೆ ಎಂದು ಅದು ಹೇಳಿತ್ತು. ಐಪಾಡಿಗೆ ಬಳಕೆದಾರರೇ ಧ್ವನಿಮಿತಿ ಹಾಕಿಕೊಳ್ಳುವ ಅವಕಾಶ ಬಂದದ್ದು 2006ರಲ್ಲಿ. ವಾರದ ಪ್ರಮಾಣ ಮೀರಿದರೆ ಸೂಚನೆ ಕೊಡುವ ಏರ್ಪಾಡು ಆಪಲ್ ಫೋನುಗಳಲ್ಲಿ ಬಂದದ್ದು 2020ರಲ್ಲಿ. ಕೇಳಿದ ಹಾಡುಗಳನ್ನು ಎಣಿಸುತ್ತಿದ್ದ ಯಂತ್ರಕ್ಕೆ ಕೇಳಿದ ಸದ್ದನ್ನು ಎಣಿಸುವುದು ಇಷ್ಟು ತಡವಾಗಿ ಹೊಳೆಯಿತೇ? 2022ರ ಮೇ ತಿಂಗಳಲ್ಲಿ ಐಪಾಡ್ ತಯಾರಿಕೆ ನಿಂತಿತು; ಅದರ ಕೆಲಸವನ್ನು ಫೋನು ಅದಾಗಲೇ ವಹಿಸಿಕೊಂಡಿತ್ತು. ಪೆಟ್ಟಿಗೆಯ ಮೇಲೆ ಮುದ್ರಿಸುವುದು ಈಗಲೂ ಗಿಗಾಬೈಟನ್ನೇ.