ರಫಿಯ ದನಿ, ಎಲ್ವಿಸ್‌ನ ಸಾಲ

ಪುಣೆಯ ಕ್ಯಾಂಪಿನಲ್ಲಿರೋ ನಮ್ಮ ಚಾಚಾನ ಮನೆಯಲ್ಲಿ ರಫಿ ಸಾಹೇಬರ ಬಗ್ಗೆ ಯಾರೂ ಎದುರು ಮಾತಾಡೋ ಹಾಗಿಲ್ಲ. ಹೋದ ಈದ್‌ಗೆ ಕಾಲೇಜು ಓದೋ ನನ್ನ ತಂಗಿ ಮೊಬೈಲಿನಲ್ಲಿ ಎಲ್ವಿಸ್ ಪ್ರೀಸ್ಲಿಯ 'ಮಾರ್ಗರೀಟಾ' ಹಚ್ಚಿ, "ಚಾಚಾ, ಇದು ನಿಮ್ಮ 'ಕೌನ್ ಹೈ ಜೋ ಸಪನೋಂ ಮೇಂ ಆಯಾ' ಅಲ್ಲೇನು?" ಅಂತ ಕೇಳಿದಳು. ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನೇ ನಮ್ಮದನ್ನ ಕದ್ದಿರಬೇಕು" ಅಂದರು.

ಇಸವಿ ನೋಡಿದರೆ ಆ ವಾದ ನಿಲ್ಲೋದಿಲ್ಲ. ಎಲ್ವಿಸ್ ಅದನ್ನು ಹಾಡಿದ್ದು 1963ರ 'ಫನ್ ಇನ್ ಅಕಾಪುಲ್ಕೊ' ಚಿತ್ರಕ್ಕೆ. ನಮ್ಮ 'ಝುಕ್ ಗಯಾ ಆಸ್ಮಾನ್' ಬಂದದ್ದು 1968ರಲ್ಲಿ. ಸಂಗೀತ ಶಂಕರ್-ಜೈಕಿಶನ್, ಪದ ಹಸರತ್ ಜೈಪುರಿ. ಡಾನ್ ರಾಬರ್ಟ್‌ಸನ್ ಬರೆದ ಧಾಟಿಯೇ ಇಲ್ಲಿಗೆ ಬಂದಿದೆ, ಇದರಲ್ಲಿ ಮುಚ್ಚುಮರೆ ಬೇಡ.

ಆದರೆ ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಎಲ್ವಿಸ್ ಎದೆ ತುಂಬಿ, ಭಾರವಾಗಿ, ಹಂಬಲಿಸಿ ಹಾಡುತ್ತಾನೆ. ರಫಿ ಅದೇ ಏರಿಳಿತವನ್ನು ಹಗುರ ಮಾಡಿಬಿಡುತ್ತಾರೆ. ಅಲ್ಲಿ ನೋವಿದ್ದ ಕಡೆ ಇಲ್ಲಿ ಬೆರಗಿದೆ. ಎಲ್ವಿಸ್‌ನ ಹಾಗೆ ದನಿ ದಪ್ಪ ಮಾಡುವ ಪ್ರಯತ್ನವನ್ನು ರಫಿ ಒಂದು ಕಡೆಯೂ ಮಾಡಿಲ್ಲ. ('ಒಂದೇ ಬಳ್ಳಿಯ ಹೂಗಳು' ಚಿತ್ರದಲ್ಲಿ ಕನ್ನಡ ಹಾಡಿದಾಗಲೂ ಅವರು ರಫಿಯೇ ಆಗಿದ್ದರಲ್ಲ!) ಹಸರತ್‌ರ ಪದಗಳೂ ತರ್ಜುಮೆಯಲ್ಲ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಧಾಟಿ ಎರವಲು, ಹಾಡಿಕೆ ಸ್ವಂತದ್ದು. ಮೂಲದವರ ಹೆಸರು ಹಾಕದೇ ಇದ್ದದ್ದು ತಪ್ಪು. ಹೆಸರು ಹಾಕಿದ್ದರೆ ರಫಿಯ ಮರ್ಯಾದೆ ಒಂದು ಕೂದಲಿನಷ್ಟೂ ಕಡಿಮೆಯಾಗುತ್ತಿರಲಿಲ್ಲ. ಬದಲಿಗೆ ಅವರು ಏನು ಮಾಡಿದರು ಅನ್ನೋದು ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಇನ್ನೊಂದು ಬಗೆಯ ಸಾಲಗಾರನೂ ಪುಣೆಗೆ ಹತ್ತಿರದವನೇ. ಇಲ್ಲಿಂದ ಸುಮಾರು 100 ಕಿಲೋಮೀಟರ್ ದೂರದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಫಾರೂಖ್ ಬುಲ್ಸಾರಾ ಎಂಬ ಪಾರ್ಸಿ ಹುಡುಗ ಓದುತ್ತಿದ್ದ. ಗೆಳೆಯರ ಜೊತೆ 'ದಿ ಹೆಕ್ಟಿಕ್ಸ್' ಅಂತ ತಂಡ ಕಟ್ಟಿ, ಆಗಿನ ರಾಕ್ ಅಂಡ್ ರೋಲ್ ಹಾಡುಗಳಿಗೆ ಪಿಯಾನೋ ನುಡಿಸುತ್ತಿದ್ದ. ಮುಂದೆ ಅವನೇ ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ. ಎಲ್ವಿಸ್ ತೀರಿಕೊಂಡದ್ದು 1977ರ ಆಗಸ್ಟ್ 16ರಂದು. ಎರಡು ವರ್ಷದ ಮೇಲೆ ಮ್ಯೂನಿಕ್‌ನ ಹೋಟೆಲಿನಲ್ಲಿ ಸ್ನಾನ ಮಾಡ್ತಾ ಮಾಡ್ತಾ ಫ್ರೆಡ್ಡಿ 'ಕ್ರೇಜಿ ಲಿಟಲ್ ಥಿಂಗ್ ಕಾಲ್ಡ್ ಲವ್' ಕಟ್ಟಿದ. ಅವನಿಗೆ ಗಿಟಾರ್ ಅಷ್ಟಾಗಿ ಬರುತ್ತಿರಲಿಲ್ಲ, ಆ ಬಡತನವೇ ಹಾಡನ್ನು ಉಳಿಸಿತು. ಕ್ವೀನ್‌ನ ದೊಡ್ಡ ಆಡಂಬರ ಅದರಲ್ಲಿಲ್ಲ. ನಾಲ್ಕಾರು ಸ್ವರಮೇಳ, ಚಪ್ಪಾಳೆ, ಚಿಟಿಕೆ, ತಗ್ಗಿಸಿ ಹಾಡಿದ ದನಿ. ಇಲ್ಲಿ ಎಲ್ವಿಸ್‌ನ ಯಾವ ಧಾಟಿಯನ್ನೂ ಎತ್ತಿಲ್ಲ, ಅವನ ನಡಿಗೆಯನ್ನು ಮಾತ್ರ ತಂದಿದ್ದಾನೆ. ಇದು ಎಲ್ವಿಸ್‌ಗೆ ಸಲ್ಲಿಸಿದ ಗೌರವ ಅಂತಲೇ ಹೇಳುತ್ತಾರೆ. ರಫಿ ಧಾಟಿ ಇಟ್ಟುಕೊಂಡು ದನಿ ಬದಲಿಸಿದರೆ, ಇವನು ದನಿ ಇಟ್ಟುಕೊಂಡು ಧಾಟಿ ಬದಲಿಸಿದ.

ಕೇಳೋದಕ್ಕೆ ನನಗೆ ರಫಿಯದೇ ಮೇಲು. ಲೆಕ್ಕ ಚೊಕ್ಕಟವಾಗಿರೋದು ಮಾತ್ರ ಫ್ರೆಡ್ಡಿಯದು.

ಚಾಚಾ ಇದನ್ನೆಲ್ಲ ಕೇಳಿ, "ಹಾಗಾದ್ರೆ ನಿನ್ನ ಎಲ್ವಿಸ್ ಯಾರ ಹತ್ರಾನೂ ತಗೊಂಡಿಲ್ಲೇನು?" ಅಂದರು. ಸರಿಯಾದ ಪ್ರಶ್ನೆಯೇ. 1954ರಲ್ಲಿ ಅವನಿಗೆ ದಾರಿ ತೆರೆದ 'ದಟ್ಸ್ ಆಲ್ ರೈಟ್' ಕಪ್ಪು ಗಾಯಕ ಆರ್ಥರ್ ಕ್ರುಡಪ್‌ನದು. 'ಹೌಂಡ್ ಡಾಗ್' ಹಾಡನ್ನು ಅವನಿಗಿಂತ ಮೊದಲು ಹಾಡಿ ಗೆದ್ದವಳು ಬಿಗ್ ಮಾಮಾ ಥಾರ್ನ್‌ಟನ್. 'ಮಾರ್ಗರೀಟಾ'ದ ಮೂಲ ಹುಡುಕಿದ ನನ್ನ ತಂಗಿಗೂ ಆಕೆಯ ಹೆಸರು ಗೊತ್ತಿರಲಿಲ್ಲ. ಅವತ್ತು ಸಂಜೆ ಅದನ್ನೂ ಹಚ್ಚಿದೆವು. ಚಾಚಾ ಪೂರ್ತಿ ಕೇಳಿ, ಇನ್ನೊಂದು ಸಲ ಹಚ್ಚು ಅಂದರು.